ಮರ ‘ತೆರವು’ ಅಲ್ಲ, ಕಡಿತ

ಮಾನ್ಯರೇ,

ಮೊಮ್ಮಗಳ ಅಭ್ಯಾಸ ಪುಸ್ತಕದಲ್ಲಿ ‘ನಾಶ’ದ ಸಮಾನಾರ್ಥಕಗಳೆಂದು ಹಾಳು, ಧ್ವಂಸ, ನಿರ್ನಾಮ, ಅಳಿವು ಒಂದೇ ಸಾಲಿನಲ್ಲಿದ್ದವು. ಅವುಗಳ ತೂಕ ಒಂದೇ ಅಲ್ಲ. ಹಾಲು ಕೆಡುತ್ತದೆ, ಗಾಜು ನುಚ್ಚುನೂರಾಗುತ್ತದೆ, ವಂಶ ನಿರ್ನಾಮವಾಗುತ್ತದೆ. ಹಾಳುಬಿದ್ದ ಮನೆಯನ್ನು ದುರಸ್ತಿ ಮಾಡಬಹುದು, ನೆಲಸಮವಾದದ್ದನ್ನು ಹೊಸದಾಗಿಯೇ ಕಟ್ಟಬೇಕು. ಗೋಡೆ ‘ಕುಸಿಯಿತು’ ಎಂದರೆ ತಾನಾಗಿ ಬಿದ್ದದ್ದು. ‘ಕೆಡವಿದರು’ ಎಂದರೆ ಅದರ ಹಿಂದೆ ಒಂದು ಕೈ ಇದೆ.

ಬೆಂಗಳೂರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಧರ್ಮಾಂಬುಧಿ ಕೆರೆಯಿದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆಗಳು ‘ಕಣ್ಮರೆಯಾದವು’ ಎಂದು ಬರೆಯುತ್ತೇವೆ. ಅವನ್ನು ನುಂಗಿದವರು ನಾವು.

ಕಳೆದ ತಿಂಗಳು ನಮ್ಮ ಬೀದಿಯ ಹಳೆಯ ಹೊಂಗೆಮರ ಉರುಳಿಸಿದರು. ಕಡಿದ ಬುಡ ಸಂಜೆಯವರೆಗೂ ಹಸಿಯಾಗಿಯೇ ಇತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತು ನೆನಪಾಗಿ ಕಣ್ಣು ತುಂಬಿತು. ದಯವಿಟ್ಟು ಪತ್ರಿಕೆಗಳು ಇದನ್ನು ‘ತೆರವು’ ಎನ್ನದೆ ‘ಕಡಿದರು’ ಎಂದೇ ಬರೆಯಲಿ.

ಅಳಿವಿಗೆ ಉಳಿವು, ಕೆಡವುವುದಕ್ಕೆ ಕಟ್ಟುವುದು ವಿರುದ್ಧ ಪದ. ಮರ ಕಡಿಯುವುದಕ್ಕೆ ಏನೆಂದು ಮೊಮ್ಮಗಳು ಕೇಳಿದಳು. ‘ನೆಡುವುದು’ ಎಂದು ಬರೆಸಿದೆ.

– ನಿವೃತ್ತ ಕನ್ನಡ ಶಿಕ್ಷಕಿ, ಬಸವನಗುಡಿ, ಬೆಂಗಳೂರು