ಕುಣಿಯುವ ಹಕ್ಕಿಯ ವರದಿಯೂ ನಮ್ಮ ತೋಟದ ರಸ್ತೆಯೂ

ಮಾನ್ಯರೇ,

ಕೊಡಗಿನ ಕಕ್ಕಬ್ಬೆ ಕಡೆಯ ಕಾಡಿನಲ್ಲಿ ಹೆಣ್ಣನ್ನು ಒಲಿಸಿಕೊಳ್ಳಲು ಕುಣಿಯುವ ಕೆಂಪು ತಲೆಯ ಹಕ್ಕಿ ಕಾಣಿಸಿಕೊಂಡಿದೆ ಎಂದು, ಮೊಬೈಲಿನಲ್ಲಿ ಹರಿದಾಡಿದ ವಿಡಿಯೊ ನಂಬಿ ತಾವು ಶನಿವಾರ ಪ್ರಕಟಿಸಿದ ವರದಿಯ ಫಲವನ್ನು ನಾವು ಭಾನುವಾರವಿಡೀ ಉಂಡೆವು. ಚಿತ್ರದಲ್ಲಿದ್ದದ್ದು ರೆಡ್ ಕ್ಯಾಪ್ಡ್ ಮ್ಯಾನಕಿನ್. ಅದರ ನೆಲೆ ಮೆಕ್ಸಿಕೊದಿಂದ ಈಕ್ವೆಡಾರ್‌ವರೆಗಿನ ಮಳೆಕಾಡು. ಕಪ್ಪು ಮೈ, ಹಳದಿ ತೊಡೆಯ ಆ ಪುಟ್ಟ ಗಂಡು ರೆಕ್ಕೆಯಿಂದ ಚಟಚಟನೆ ಸದ್ದು ಮಾಡುತ್ತ ಕೊಂಬೆಯ ಮೇಲೆ ಹಿಮ್ಮುಖವಾಗಿ ಜಾರುವುದು, ಹಲವು ಗಂಡುಗಳು ಅಕ್ಕಪಕ್ಕದಲ್ಲೇ ತಮ್ಮ ತಮ್ಮ ಕೊಂಬೆ ಹಿಡಿದು ಪ್ರದರ್ಶನ ನೀಡುವುದು, ಹೆಣ್ಣು ಬಂದು ಆರಿಸಿಕೊಂಡು ಹೋಗಿ ಗೂಡು, ಮರಿಗಳ ಪಾಡನ್ನೆಲ್ಲ ಒಂಟಿಯಾಗಿ ನೋಡಿಕೊಳ್ಳುವುದು, ಎಲ್ಲವೂ ನಿಜ. ವರದಿಗಾರರು ಅದನ್ನು ಸೊಗಸಾಗಿಯೇ ಬರೆದಿದ್ದಾರೆ. ಖಂಡವೊಂದನ್ನು ಮಾತ್ರ ತಪ್ಪಿದ್ದಾರೆ.

ಕಾಫಿ ಕೊಯ್ಲಿನ ನಡುವೆ ರಸ್ತೆಯ ಎರಡೂ ಬದಿಗೆ ಕಾರುಗಳು ನಿಂತಿದ್ದರಿಂದ ಹಣ್ಣು ತುಂಬಿದ ನಮ್ಮ ಪಿಕಪ್ ಹೊರಡಲಾಗದೆ, ಅದೇ ದಿನ ಪಲ್ಪಿಂಗ್, ಅಂದರೆ ಸಿಪ್ಪೆ ಸುಲಿಯುವ ಕೆಲಸ, ಆಗಬೇಕಿದ್ದ ಅರೇಬಿಕಾ ತಳಿಯ ಹಣ್ಣು ಚೀಲದಲ್ಲೇ ಬಿಸಿಯಾಯಿತು. ಕಣದಲ್ಲಿ ಹರಡಿದ್ದ ಕಾಫಿಯ ಮೇಲೆ ಬೂಟುಗಾಲಿನಲ್ಲಿ ನಡೆದಾಡಿದರು. ಒಬ್ಬ ಮಹನೀಯರು ಸ್ಪೀಕರಿನಲ್ಲಿ ಹಕ್ಕಿಯ ಕೂಗು ಹಾಕಿ, ಈಕ್ವೆಡಾರಿನಿಂದ ಉತ್ತರ ಬರುವುದನ್ನು ಮಧ್ಯಾಹ್ನದವರೆಗೂ ಕಾದರು. ಪ್ರವೇಶ ಶುಲ್ಕ ಎಷ್ಟೆಂದು ಇನ್ನೊಬ್ಬರು ನನ್ನನ್ನೇ ಕೇಳಿದರು. ಹೊಟ್ಟೆ ಕೆಂಪಗಿರುವ ನಮ್ಮದೇ ಮಲಬಾರ್ ಟ್ರೋಗನ್ ಹಕ್ಕಿ ತೋಟದಂಚಿನ ಮರದಲ್ಲಿ ಇವರಿಗೆಲ್ಲ ಬೆನ್ನು ತಿರುಗಿಸಿ ಕೂತಿತ್ತು. ಕುಣಿಯದ ಹಕ್ಕಿ ಯಾರಿಗೆ ಬೇಕು?

ಸಂಜೆಗೆ ಅಧಿಕಾರಿಗಳ ಜೀಪೂ ಬಂತು. ಜನರನ್ನು ಚದುರಿಸಲು ಬಂದರೆಂದುಕೊಂಡರೆ, ಅವರೂ ಹಕ್ಕಿ ಎಲ್ಲಿ ಎಂದೇ ಕೇಳಿದರು. ತೋಟಕ್ಕೆ ಆನೆ ನುಗ್ಗಿದ ರಾತ್ರಿ ಎಷ್ಟು ಫೋನ್ ಮಾಡಿದರೂ ಇದೇ ಜೀಪಿಗೆ ಡೀಸೆಲ್ ಇರಲಿಲ್ಲ. 2018ರ ಮಳೆಯಲ್ಲಿ ಕುಸಿದ ಇದೇ ರಸ್ತೆಯ ಅಂಚಿಗೆ ತಡೆಗೋಡೆ ಕೇಳಿ ಕೊಟ್ಟ ಅರ್ಜಿಗಳು ಯಾವ ಕಪಾಟಿನಲ್ಲಿವೆಯೋ ತಿಳಿಯದು. ಹೆಣ್ಣುಹಕ್ಕಿಯ ಮುಂದೆ ಗಂಡು ಪಡುವ ಶ್ರಮದಲ್ಲಿ ಕಾಲು ಭಾಗವನ್ನು ಇವರು ತೆರಿಗೆ ಕಟ್ಟುವವರಿಗಾಗಿ ಪಟ್ಟಿದ್ದರೆ ಸಾಕಿತ್ತು.

ಆದ್ದರಿಂದ ತಾವು ಮುಖಪುಟದಲ್ಲೇ ತಿದ್ದುಪಡಿ ಪ್ರಕಟಿಸಬೇಕು. ಅಧಿಕಾರಿಗಳು ಪ್ರವಾಸಿಗರ ವಾಹನಗಳನ್ನು ತಡೆಯಬೇಕು, ಇಲ್ಲವೇ ವಾಹನಗಳು ಓಡಾಡುವಂಥ ರಸ್ತೆಯನ್ನಾದರೂ ಮಾಡಿಕೊಡಬೇಕು. ವಿಡಿಯೊ ನೋಡಿ ವರದಿ ಬರೆಯುವವರಿಗೂ ಅದನ್ನು ಓದಿ ಕಾರು ಹತ್ತುವವರಿಗೂ ಸ್ವಲ್ಪವಾದರೂ ನಾಚಿಕೆ ಬೇಡವೇ?

ಇಂತಿ,
ನೊಂದ ಕಾಫಿ ಬೆಳೆಗಾರ, ಕೊಡಗು