ಗಂಡು ಹುಡುಗರನ್ನೂ ಕರೆಯಿರಿ

ಮಾನ್ಯ ಸಂಪಾದಕರೇ,

ಸೇಡಂ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನದು ಕಿರಾಣಿ ಅಂಗಡಿ. ಬೆಳಿಗ್ಗೆ ನಿಮ್ಮ ಪತ್ರಿಕೆ ಓದುತ್ತೇನೆ, ಮರುದಿನ ಅದರಲ್ಲೇ ಪ್ಯಾಡ್ ಸುತ್ತಿ ಕೊಡುತ್ತೇನೆ. ಸಾಬೂನು, ಚಹಾಪುಡಿ ಹಾಗೇ ಕೊಡುವವನು ಇದೊಂದನ್ನೇ ಯಾಕೆ ಸುತ್ತುತ್ತೇನೆ ಎಂದು ಇಪ್ಪತ್ತು ವರ್ಷ ಕೇಳಿಕೊಂಡಿರಲಿಲ್ಲ.

ಹೋದ ತಿಂಗಳು ಒಂಬತ್ತನೇ ತರಗತಿಯ ಹುಡುಗನೊಬ್ಬ ಬಂದ. ಗಿರಾಕಿಗಳೆಲ್ಲ ಹೋಗುವವರೆಗೆ ಕಂಬಕ್ಕೆ ಒರಗಿ ನಿಂತಿದ್ದ. ಆಮೇಲೆ ಮೆಲ್ಲಗೆ, "ಕಾಕಾ, ತಂಗಿಗಿ ರಕ್ತ ಹೋಗ್ಲಿಕತ್ತದ. ಅವ್ವ ಹೊಲಕ್ಕ ಹೋಗ್ಯಾಳ. ದವಾಖಾನಿಗಿ ಒಯ್ಬೇಕೇನ್ರಿ?" ಎಂದ. ಪ್ಯಾಡ್ ಕೊಟ್ಟೆ, ಆಶಾ ಅಕ್ಕನ ಮನೆ ತೋರಿಸಿದೆ. ಇದು ರೋಗವಲ್ಲಪ್ಪ, ಮುಟ್ಟು, ಹೆಚ್ಚಿನ ಹುಡುಗಿಯರಿಗೆ 10ರಿಂದ 15 ವರ್ಷದೊಳಗೆ ಶುರುವಾಗುತ್ತದೆ ಎಂದು ಹೇಳಲು ಬಾಯೇ ಬರಲಿಲ್ಲ. ಮೂರು ಮಕ್ಕಳ ತಂದೆ ನಾನು!

ಹದಿಹರೆಯದವರ ಆರೋಗ್ಯಕ್ಕೆಂದು 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದ ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ಸೇರಿದ್ದು. ಊರಿನ ಮಕ್ಕಳಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ಅವರಿಂದ ಉಳಿದವರಿಗೆ ಹೇಳಿಸಬೇಕು. ನಮ್ಮೂರಲ್ಲಿ ಅಂಗನವಾಡಿಯಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ಇದರ ಸಭೆ. ಆಗ ಹುಡುಗಿಯರು ಶಾಲೆಯಲ್ಲಿ, ಶಾಲೆ ಬಿಟ್ಟವರು ತೊಗರಿ ಹೊಲದಲ್ಲಿ. ಬರುವವರು ಮೊಮ್ಮಕ್ಕಳನ್ನು ಎತ್ತಿಕೊಂಡ ಅಜ್ಜಿಯರು. ಗಂಡು ಹುಡುಗರನ್ನಂತೂ ಕರೆಯುವುದೇ ಇಲ್ಲ. ಆಶಾ ಅಕ್ಕನನ್ನು ದೂರುತ್ತಿಲ್ಲ. ಒಬ್ಬಳೇ ಎಷ್ಟು ಅಂತ ಓಡಾಡಬೇಕು, ಅಲ್ವಾ?

ಹುಡುಗರಿಗೆ ಪಾಠ ಹೇಳುವುದು ಮೊಬೈಲು ಮತ್ತು ಕಟ್ಟೆ ಮೇಲಿನ ದೊಡ್ಡ ಹುಡುಗರು. ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿಯೇ ಹೋಯಿತು ಎಂದು ಹೆದರುತ್ತಾರೆ. ಗೋಡೆ ಮೇಲೆ ಬರೆದ 'ಗುಪ್ತರೋಗ ತಜ್ಞ'ರ ನಂಬರಿಗೆ ಫೋನ್ ಮಾಡುತ್ತಾರೆ. ನನ್ನ ಹತ್ತಿರ ಸಾಲ ಕೇಳಿ ಪುಡಿ ತರಿಸಿಕೊಂಡವನೂ ಇದ್ದಾನೆ. ಆ ವಯಸ್ಸಿಗೆ ಅದು ಸಹಜ, ಔಷಧಿ ಬೇಡ ಎಂದು ಒಬ್ಬರು ಹೇಳಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಸಭೆಯನ್ನು ಸಂಜೆ ಏಳಕ್ಕೆ ಇಡಲಿ. ಒಂದು ದಿನ ಹುಡುಗಿಯರಿಗೆ, ಇನ್ನೊಂದು ದಿನ ಹುಡುಗರಿಗೆ. ಹುಡುಗರ ಜೊತೆ ಮಾತಾಡಲು ಆರೋಗ್ಯ ಕೇಂದ್ರದ ಗಂಡು ಸಿಬ್ಬಂದಿ ಬರಲಿ. ಜಾಗ ಇಲ್ಲ ಅಂದರೆ ನನ್ನ ಅಂಗಡಿ ಮುಂದಿನ ಕಟ್ಟೆ ಇದೆ, ಬಲ್ಬ್ ನಾನೇ ಹಾಕುತ್ತೇನೆ. ಅಪ್ಪಂದಿರೂ ಬಂದರೆ ಒಳ್ಳೆಯದು. ನಾನಂತೂ ಮುಂದೆಯೇ ಕೂಡುತ್ತೇನೆ.

ಅಂದಹಾಗೆ, ಆ ಹುಡುಗ ಬಂದುಹೋದ ಮೇಲೆ ಪ್ಯಾಡ್ ಸುತ್ತುವುದನ್ನು ನಿಲ್ಲಿಸಿದ್ದೆ. ಎರಡೇ ದಿನಕ್ಕೆ ಹುಡುಗಿಯರೇ "ಕಾಕಾ, ಪೇಪರ್ ಸುತ್ತಿ ಕೊಡ್ರಿ" ಅಂದರು. ಸದ್ಯಕ್ಕೆ ಸುತ್ತುತ್ತಲೇ ಇದ್ದೇನೆ.

– ಒಬ್ಬ ಕಿರಾಣಿ ಅಂಗಡಿಯವ, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ