ಬ್ಲೂ ಮಂಡೇ ಸರಣಿ ಮುಗಿಯಿತು: ಸಲ್ಲಬೇಕಾದವರಿಗೆ ಕೃತಜ್ಞತೆ

‘ಬ್ಲೂ ಮಂಡೇ’ ಎಂಬ ಒಂದೇ ಒಂದು ಹಾಡಿನ ಕುರಿತು, ಅದೂ 1983ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ನ್ಯೂ ಆರ್ಡರ್ ತಂಡ ಹೊರತಂದ ಡಾನ್ಸ್-ರಾಕ್ ಹಾಡಿನ ಕುರಿತು, ಕನ್ನಡದಲ್ಲಿ ಇಡೀ ಪಾಡ್‌ಕಾಸ್ಟ್ ಸರಣಿಯನ್ನೇ ಮಾಡಲು ಹೊರಟಾಗ ಕೇಳುವವರು ಸಿಕ್ಕಾರೆಂಬ ಭರವಸೆ ನಮ್ಮಿಬ್ಬರಿಗೂ ಇರಲಿಲ್ಲ. ಕೊನೆಯ ಕಂತು ಪ್ರಸಾರವಾದ ಮೇಲೆ ನೀವು ಬರೆಯುತ್ತಿರುವ ಪತ್ರಗಳನ್ನು ಒಂದೊಂದಾಗಿ ಓದುತ್ತಿದ್ದೇನೆ. ಇಬ್ಬರು ಕೈಹಾಕಿದ ಕೆಲಸ ಇದು, ಮುಗಿಸುವ ಹೊತ್ತಿಗೆ ಒಬ್ಬನೇ ಉಳಿದಿದ್ದೆ. ಸರಣಿಯ ನಡುವೆ ತೀರಿಕೊಂಡ ಗೆಳೆಯನಿಗೆ ಏನಾಯಿತೆಂಬುದು ಇದನ್ನು ಓದುವ ಬಹುಪಾಲು ಮಂದಿಗೆ ತಿಳಿದೇ ಇರುವುದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಈ ಹಾಡನ್ನು ಆರಿಸಿದವನು ಅವನು. ಜಾಯ್ ಡಿವಿಷನ್ ತಂಡದ ಗಾಯಕ ಇಯಾನ್ ಕರ್ಟಿಸ್ 1980ರ ಮೇ 18ರಂದು, ತಂಡವು ಮೊದಲ ಅಮೆರಿಕ ಪ್ರವಾಸಕ್ಕೆ ಹೊರಡಬೇಕಿದ್ದ ಮುನ್ನಾದಿನ, 23ನೆಯ ವಯಸ್ಸಿನಲ್ಲಿ ತೀರಿಕೊಂಡ. ಉಳಿದ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಮತ್ತು ಸ್ಟೀಫನ್ ಮಾರಿಸ್ ಹಳೆಯ ಹೆಸರನ್ನು ಕೈಬಿಟ್ಟು ನ್ಯೂ ಆರ್ಡರ್ ಎಂಬ ಹೆಸರಿನಲ್ಲಿ ಮುಂದುವರಿದರು. ಆ ವರ್ಷ ಮುಗಿಯುವುದರೊಳಗೆ ಗಿಲಿಯನ್ ಗಿಲ್ಬರ್ಟ್ ಅವರನ್ನು ಸೇರಿಕೊಂಡಳು. ಎಂದೂ ಮುಖ್ಯ ಗಾಯಕನಾಗಿರದಿದ್ದ ಸಮ್ನರ್ ಹಾಡುವುದನ್ನು ರೂಢಿಸಿಕೊಂಡ. ಅದಾಗಿ ಮೂರು ವರ್ಷ ತುಂಬುವ ಮೊದಲೇ ‘ಬ್ಲೂ ಮಂಡೇ’ ಹೊರಬಂತು. ಹಾಡುವವನೇ ಇಲ್ಲವಾದ ಮೇಲೆ ಉಳಿದವರು ಏನು ಮಾಡಿದರು ಎಂಬುದನ್ನು ಹೇಳಬೇಕು ಎಂದು ಅವನು ನಮ್ಮ ಟಿಪ್ಪಣಿಯ ಮೊದಲ ಪುಟದಲ್ಲಿ ಬರೆದಿದ್ದ. ಆಗ ಅವನು ಆರೋಗ್ಯವಾಗಿದ್ದ.

ಈ ಬರಹದ ದೊಡ್ಡ ಪಾಲು ಅವನ ಅಕ್ಕನಿಗೆ ಸಲ್ಲಬೇಕು. ಹೆಸರು ಹಾಕಬಾರದೆಂದು ಅವರು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವರು, ಚಿಕ್ಕಂದಿನಲ್ಲಿ ವೀಣೆ ಕಲಿತವರು. ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್, ತುಂಬಿಟ್ಟ ಸ್ವರಗಳನ್ನು ತಾನೇ ಒಂದರ ಹಿಂದೊಂದು ನುಡಿಸುವ ಸೀಕ್ವೆನ್ಸರ್ ಮುಂತಾದವುಗಳ ಪರಿಚಯ ಅವರಿಗೆ ತಮ್ಮನ ಕೋಣೆಯ ಬಾಗಿಲಿನಾಚೆಯಿಂದ ಕೇಳಿಬರುತ್ತಿದ್ದ ಸದ್ದಿನಷ್ಟೇ ಆಗಿತ್ತು.

ಹಾಡಿನ ತಯಾರಿಯನ್ನು ಹೇಳಬೇಕಾಗಿದ್ದ ಕಂತು ಅವನ ಧ್ವನಿಯಲ್ಲಿ ಅರ್ಧ ಮುದ್ರಣವಾಗಿ ನಿಂತಿತ್ತು. ಅದನ್ನು ಜೋಡಿಸಲು ಕುಳಿತ ರಾತ್ರಿ ನನ್ನಿಂದ ಏನೂ ಆಗಲಿಲ್ಲ. ಮಾತಿನ ನಡುವಿನ ಉಸಿರು, ಕೆಮ್ಮು, ತಪ್ಪು ಓದಿ ನಕ್ಕು ಮತ್ತೆ ಓದಿದ್ದು, ಇವನ್ನೆಲ್ಲ ಕತ್ತರಿಸುವುದೇ ಎಡಿಟಿಂಗ್. ಒಂದನ್ನೂ ಕತ್ತರಿಸಲು ಕೈ ಏಳಲಿಲ್ಲ. ನಾನು ಫೋನ್ ಮಾಡಿ ಸರಣಿ ನಿಲ್ಲಿಸುತ್ತೇನೆ ಎಂದಾಗ ಅಕ್ಕ ಬೇಡವೆಂದೂ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ಆಟೋ ಹಿಡಿದು ಬಂದರು. ನನ್ನ ತಲೆಯ ಮೇಲಿದ್ದ ಹೆಡ್‌ಫೋನ್ ತೆಗೆದು ತಾವು ಹಾಕಿಕೊಂಡು, ತಮ್ಮನ ಮಾತನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ನಿಲ್ಲಿಸದೆ ಕೇಳಿದರು. ಬಳಿಕ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಒಂದೊಂದಾಗಿ ಹೇಳಿ ಬರೆಸಿದರು. ನಗುವನ್ನು ಉಳಿಸಿದರು. ಕೆಮ್ಮನ್ನು ತೆಗೆಸಿದರು.

ನಡುರಾತ್ರಿ ಕಳೆದ ಮೇಲೆ ನಾನು ಅವನನ್ನು ಬೈದೆ. ಇಷ್ಟೊಂದು ಕೆಲಸ ಹಚ್ಚಿಟ್ಟು ಹೋದವನನ್ನು, ಫೋನ್ ಎತ್ತದವನನ್ನು, ಇನ್ನೆಂದೂ ಎತ್ತಲಾರದವನನ್ನು, ಅವನ ಅಕ್ಕನ ಮುಂದೆಯೇ ಬಾಯಿಗೆ ಬಂದಂತೆ ಬೈದೆ. ಅವರು ತಡೆಯಲಿಲ್ಲ. ನನ್ನ ಅಳು ನಿಂತ ಮೇಲೆ ಚಹಾ ಮಾಡಿ ತಂದು, “ಆ ಹುಡುಗಿ ಬಿಟ್ಟ ಸ್ವರದ ವಿಷಯ ಏನು? ಅವನ ಟಿಪ್ಪಣಿ ಅಲ್ಲಿಗೇ ನಿಂತಿದೆ. ನನಗೆ ಹೇಳಪ್ಪ” ಎಂದು ಕೇಳಿದರು.

ಆಗ ಹೇಳಿದ್ದನ್ನೇ ನೀವು ಆ ಕಂತಿನಲ್ಲಿ ಕೇಳಿದ್ದೀರಿ. ಸಮ್ನರ್ ಬಿಡಿಭಾಗಗಳನ್ನು ತಂದು ತಾನೇ ಜೋಡಿಸಿದ್ದ ಸೀಕ್ವೆನ್ಸರಿಗೆ ಇಡೀ ಹಾಡಿನ ಒಂದೊಂದು ಸ್ವರವನ್ನೂ ಕೈಯಿಂದ ತುಂಬಬೇಕಾಗಿತ್ತು, ಮತ್ತು ಆ ಕೆಲಸ ಗಿಲ್ಬರ್ಟಳ ಪಾಲಿಗೆ ಬಂದಿತ್ತು. ಹಾಳೆಗಳನ್ನು ಅಂಟಿಸಿ ಅಂಟಿಸಿ ಸ್ಟುಡಿಯೋದ ಉದ್ದಕ್ಕೂ ಹಾಸಿದ್ದ ಆ ಸ್ವರಪಟ್ಟಿಯನ್ನು ಅವಳೇ ಮುಂದೆ ಹೆಣಿಗೆಯ ನಕ್ಷೆಗೆ ಹೋಲಿಸಿದ್ದಾಳೆ. ಅಷ್ಟರಲ್ಲಿ ಒಂದು ಸ್ವರ ಕೈತಪ್ಪಿ ಬಿಟ್ಟುಹೋಯಿತು. ಅದರಿಂದಾಗಿ ಸಿಂಥಸೈಜರಿನ ರಾಗರೇಖೆ ತಾಳದಿಂದ ಸ್ವಲ್ಪ ಸರಿದು ನಿಂತಿತು. ತಂಡ ಅದನ್ನು ತಿದ್ದದೆ ಹಾಗೆಯೇ ಇಟ್ಟುಕೊಂಡಿತು. ಅಕ್ಕ ಇದನ್ನು ಕೇಳಿದವರೇ ಗ್ರಾಫ್ ಹಾಳೆ ಕೇಳಿ ಪಡೆದು ಚೌಕಗಳನ್ನು ತುಂಬತೊಡಗಿದರು. ಸಾಲಿನಿಂದ ಒಂದು ಚೌಕವನ್ನು ತೆಗೆದರೆ ಅದರ ನಂತರದ ಸ್ವರಗಳೆಲ್ಲ ತಾಳದ ಪೆಟ್ಟಿಗಿಂತ ಒಂದು ಹೆಜ್ಜೆ ಮೊದಲೇ ಬಂದುಬಿಡುತ್ತವೆ ಎಂಬುದನ್ನು ಬರೆದು ತೋರಿಸಿ, ಸಮದಲ್ಲಿ, ಅಂದರೆ ತಾಳದ ಮೊದಲ ಪೆಟ್ಟಿನಲ್ಲಿ, ಏಳದ ಎತ್ತುಗಡೆಯಿರುವ ಕೃತಿಗಳನ್ನು ಕಲಿತವರಿಗೆ ಈ ಸುಖ ಹೊಸದಲ್ಲ ಎಂದರು. ನಾನು ಮೈಕನ್ನು ಅವರ ಕಡೆಗೆ ತಿರುಗಿಸಿದೆ. ಇಡೀ ಸರಣಿಯಲ್ಲಿ ಇದಕ್ಕಿಂತ ಒಳ್ಳೆಯ ಭಾಗ ಇನ್ನೊಂದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ನಿಮ್ಮ ಪತ್ರಗಳೂ ಅದನ್ನೇ ಹೇಳುತ್ತಿವೆ.

ಬೆಳಕು ಹರಿದ ಮೇಲೆ ಅವರು ನನ್ನ ಮನೆಯಿಂದ ನೇರವಾಗಿ ಶಾಲೆಗೆ ಹೋದರು. ಅಕ್ಕ, ತಮ್ಮನನ್ನು ಕಳೆದುಕೊಂಡವರು ನೀವು, ಸಮಾಧಾನ ಪಡೆದವನು ನಾನು. ಇದನ್ನು ನಿಮ್ಮೆದುರು ಹೇಳಲು ಆಗದ್ದರಿಂದ ಎಲ್ಲರೆದುರು ಹೇಳುತ್ತಿದ್ದೇನೆ.

ಬ್ರಿಟನ್ನಿನಲ್ಲಿ ಹಾಡುಗಳ ಮಾರಾಟದ ಹಳೆಯ ವಾರದ ಪಟ್ಟಿಗಳನ್ನು ತಾಳೆ ನೋಡಿಕೊಟ್ಟ ಮ್ಯಾಂಚೆಸ್ಟರಿನ ಕನ್ನಡಿಗ ಮಿತ್ರರು, ಮುದ್ರಣಕ್ಕೆ ಕೋಣೆ ಬಿಟ್ಟುಕೊಟ್ಟ ಸೋದರಮಾವ, ಡ್ರಮ್ ಮಷಿನ್ ಎರವಲು ಕೊಟ್ಟ ಹುಡುಗರು, ಕರಡು ಓದಿದ ನನ್ನ ಹೆಂಡತಿ, ಇವರೆಲ್ಲರಿಗೂ ನಾನು ಋಣಿ.

ಪಟ್ಟಿಗಳ ಕಂತನ್ನು ಮೆಚ್ಚಿದವರಿಗೆ ಒಂದು ಮಾತು. 1983ರ ಮಾರ್ಚ್ 7ರಂದು ಫ್ಯಾಕ್ಟರಿ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಸಂಸ್ಥೆ ಈ ಹಾಡನ್ನು 12 ಇಂಚಿನ ತಟ್ಟೆಯಾಗಿ ಮಾತ್ರ ಹೊರತಂದಿತು. ರೇಡಿಯೋಗೆ ಒಗ್ಗದ ಏಳೂವರೆ ನಿಮಿಷದ ಉದ್ದ. ಫ್ಲಾಪಿ ಡಿಸ್ಕಿನಂತೆ ಕತ್ತರಿಸಿದ, ಪೀಟರ್ ಸ್ಯಾವಿಲ್ ವಿನ್ಯಾಸಗೊಳಿಸಿದ ಹೊದಿಕೆಯ ಮುಖದಲ್ಲಿ ತಂಡದ ಹೆಸರೂ ಇಲ್ಲ, ಹಾಡಿನ ಹೆಸರೂ ಇಲ್ಲ, ಬಣ್ಣದ ಸಂಕೇತಗಳಷ್ಟೇ. ಬಿಬಿಸಿ ಟಿವಿಯ ಟಾಪ್ ಆಫ್ ದಿ ಪಾಪ್ಸ್ ಕಾರ್ಯಕ್ರಮದಲ್ಲಿ ಬಹುತೇಕ ಎಲ್ಲರೂ ಮುದ್ರಿತ ಹಾಡಿಗೆ ತುಟಿಯಾಡಿಸುತ್ತಿದ್ದ ಕಾಲದಲ್ಲಿ ಇವರು ಹಟ ಹಿಡಿದು ನೇರವಾಗಿ ನುಡಿಸಿದರು. ವಸಂತದಲ್ಲಿ 12ನೆಯ ಸ್ಥಾನಕ್ಕೇರಿ ಇಳಿದ ಹಾಡು ಅಕ್ಟೋಬರಿನಲ್ಲಿ ಮತ್ತೆ ಮೇಲೆದ್ದು 9ನೆಯ ಸ್ಥಾನ ಮುಟ್ಟಿತು; 1988ರ ಮರುಮಿಶ್ರಣ (ರೀಮಿಕ್ಸ್) 3ನೆಯ ಸ್ಥಾನ ತಲುಪಿತು; ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ 12 ಇಂಚಿನ ಹಾಡೆಂಬ ಹೆಸರು ಅದಕ್ಕಿದೆ. ಬ್ರಿಟನ್ನಿನ ಮುಖ್ಯ ಪಟ್ಟಿಯಲ್ಲಿ ಒಮ್ಮೆಯೂ ಮೊದಲ ಸ್ಥಾನಕ್ಕೆ ಬರದ ಹಾಡು ಇಷ್ಟು ಕಾಲ ಹೇಗೆ ಉಳಿಯಿತೆಂಬುದನ್ನು ವಿವರಿಸುವ ಭಾಗ ಪೂರ್ತಿಯಾಗಿ ಅವನ ಬರವಣಿಗೆ, ನಾನು ಓದಿದೆನಷ್ಟೆ. ನಿಮ್ಮ ಮೆಚ್ಚುಗೆಯೂ ಅವನಿಗೇ ಸೇರಬೇಕು.

ನ್ಯೂ ಆರ್ಡರ್ ತಂಡದವರು ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಗೆ ಮರಳಿ ಬಂದು ಇನ್ನೊಂದು ಹಾಡು ನುಡಿಸಲು ಒಪ್ಪುತ್ತಿರಲಿಲ್ಲವಾದ್ದರಿಂದ, ತಾವಿಲ್ಲದೆಯೂ ಯಂತ್ರಗಳೇ ನುಡಿಸಿಕೊಳ್ಳುವ ಹಾಡೊಂದನ್ನು ಕಟ್ಟಲು ಹೊರಟರಂತೆ. ತಂಡದವರೇ ಹೇಳಿಕೊಂಡ ಈ ವಿಷಯ ಅವನಿಗೆ ಬಹಳ ಪ್ರಿಯವಾಗಿತ್ತು. ಅವನ ಧ್ವನಿಯಲ್ಲಿ ಉಳಿದಿರುವ, ಯಾವ ಕಂತಿಗೂ ಸೇರದ ಮಾತುಗಳನ್ನು ಪ್ರಕಟಿಸುವಿರಾ ಎಂದು ಹಲವರು ಕೇಳಿದ್ದೀರಿ. ಅವು ಈಗ ಅಕ್ಕನ ಬಳಿ ಇವೆ, ನಿರ್ಧಾರ ಅವರದು. ಪ್ರಸಾರವಾದ ಕಂತುಗಳು ಇದ್ದಲ್ಲಿಯೇ ಇರುತ್ತವೆ. ತಯಾರಿಯ ಕಂತಿನಲ್ಲಿ ಅಕ್ಕ ಬರೆದ ಗ್ರಾಫ್ ಹಾಳೆಯ ಪ್ರತಿಯನ್ನು ಕೇಳಿದ ಇಬ್ಬರು ಸಂಗೀತ ಶಿಕ್ಷಕರಿಗೆ ಅದನ್ನು ಈ ವಾರ ಕಳುಹಿಸುತ್ತೇನೆ, ಅಕ್ಕನ ಒಪ್ಪಿಗೆ ಸಿಕ್ಕಿದೆ.